ಟಾಂಜಾನಿಯದ ೧೯೬೭: ಧುರೀಣರ ಜೇಬು, ರೈತನ ಗುಡಿಸಲು

೧೯೬೭ನೆಯ ಇಸವಿ ಫೆಬ್ರವರಿ ೫ರಂದು ಪೂರ್ವ ಆಫ್ರಿಕದ ಟಾಂಜಾನಿಯ ದೇಶದ ದಾರ್ ಎಸ್ ಸಲಾಮ್ ನಗರದಲ್ಲಿ ಸ್ವಾಹಿಲಿ ಭಾಷೆಯ ಒಂದು ಘೋಷಣಾಪತ್ರ ಹೊರಬಿದ್ದಿತು. ಆ ದೇಶದ ಆಳುವ ಪಕ್ಷವಾಗಿದ್ದ ಟಾನುವಿನ ರಾಷ್ಟ್ರೀಯ ಕಾರ್ಯಕಾರಿ ಸಮಿತಿ ಜನವರಿ ೨೬ರಿಂದ ೨೯ರ ವರೆಗೆ ಉತ್ತರದ ಆರೂಷಾ ಎಂಬ ಊರಿನಲ್ಲಿ ಕುಳಿತು ಒಪ್ಪಿದ್ದ ಠರಾವು ಅದು. ಮರುದಿನವೇ ದೇಶದ ಬ್ಯಾಂಕುಗಳು ರಾಷ್ಟ್ರದ ವಶವಾದುವು. ಹೊರಗಿನ ಪ್ರಪಂಚದ ಗಮನವೆಲ್ಲ ಬ್ಯಾಂಕುಗಳ ಕಡೆಗೇ ಹರಿಯಿತು. ದೊಡ್ಡ ಹಣದ ಸಂಗತಿಯಾದುದರಿಂದ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಆದರೆ ಆ ಘೋಷಣೆಯ ಕೊನೆಯ ಭಾಗದಲ್ಲಿ, ಒಂದು ಪುಟವನ್ನೂ ತುಂಬದಷ್ಟು ಜಾಗದಲ್ಲಿ, ಬ್ಯಾಂಕಿಗಿಂತ ದೊಡ್ಡ ಸಂಗತಿಯೊಂದು ಅಡಗಿದ್ದಿತು. ಅದನ್ನು ಕುರಿತು ಇಷ್ಟು ವರ್ಷಗಳಾದ ಮೇಲೆಯೂ ಬರೆಯಬೇಕೆಂದು ನಮಗೆ ಅನಿಸಿದೆ. ಸಮಾಜವಾದ ಎಂದೊಡನೆ ರಾಷ್ಟ್ರೀಕರಣ ಎಂಬ ಒಂದೇ ಪದವನ್ನು ಉಚ್ಚರಿಸಿ ಭಾಷಣ ಮುಗಿಸುವ ಅಭ್ಯಾಸ ನಮ್ಮ ಗೆಳೆಯರಲ್ಲಿಯೂ ಇದೆ. ಅವರಿಗಾಗಿಯಾದರೂ ಆ ವರ್ಷದ ಕಥೆಯನ್ನು ಹೇಳಬೇಕು.

ಮೊದಲು ದೇಶದ ಪರಿಚಯವಾಗಲಿ. ಜರ್ಮನರು ಹಿಡಿದು, ಮೊದಲನೆಯ ಮಹಾಯುದ್ಧದ ತರುವಾಯ ಬ್ರಿಟಿಷರ ಕೈಗೆ ಬಂದ ಟಾಂಗನೀಕ ೧೯೬೧ರ ಡಿಸೆಂಬರ್ ೯ರಂದು ಸ್ವತಂತ್ರವಾಯಿತು. ೧೯೬೪ರ ಜನವರಿಯಲ್ಲಿ ಜಾಂಜಿಬಾರ್ ದ್ವೀಪದ ಸುಲ್ತಾನನನ್ನು ಕ್ರಾಂತಿ ಕಿತ್ತೊಗೆಯಿತು. ಅದೇ ವರ್ಷ ಏಪ್ರಿಲಿನಲ್ಲಿ ಎರಡೂ ಸೇರಿ ಒಂದು ರಾಷ್ಟ್ರವಾಗಿ, ಆಮೇಲೆ ಟಾಂಜಾನಿಯ ಎಂಬ ಹೆಸರು ಪಡೆದುವು. ೧೯೬೭ರ ಜನಗಣತಿಯಂತೆ ಅಲ್ಲಿದ್ದವರು ಸುಮಾರು ೧ ಕೋಟಿ ೨೩ ಲಕ್ಷ ಮಂದಿ, ೧೨೦ಕ್ಕೂ ಹೆಚ್ಚು ಜನಾಂಗಗಳವರು. ಬಹುತೇಕ ಎಲ್ಲರೂ ಬೇಸಾಯಗಾರರು, ದನಗಾಹಿಗಳು. ಹೊರಗೆ ಮಾರುವುದಕ್ಕೆ ಇದ್ದದ್ದು ಕತ್ತಾಳೆ ನಾರು, ಹತ್ತಿ, ಕಾಫಿ, ಗೇರುಬೀಜ. ಕತ್ತಾಳೆ ನಾರಿನ ಬೆಲೆ ೧೯೬೪ರ ತರುವಾಯ ಕುಸಿಯುತ್ತಲೇ ಬಂದಿತು. ಬೆಲೆ ಕಟ್ಟುವವರು ಬೆಳೆಯುವವರಲ್ಲ ಎಂಬ ಪಾಠವನ್ನು ಈ ಬೆಳೆಗಾರರೂ ಹೀಗೆ ಕಲಿತರು.

ಪರದೇಶದ ಸಹಾಯದ ಮಾತೂ ಹಾಗೆಯೇ. ೧೯೬೫ರಲ್ಲಿ ಪೂರ್ವ ಜರ್ಮನಿಯ ಕಚೇರಿಯೊಂದಕ್ಕೆ ಜಾಗ ಕೊಟ್ಟ ತಪ್ಪಿಗೆ ಪಶ್ಚಿಮ ಜರ್ಮನಿ ತನ್ನ ನೆರವಿನ ಒಂದು ಭಾಗವನ್ನು ಹಿಂದೆಗೆದುಕೊಂಡಿತು. ಉಳಿದುದನ್ನೂ ತೆಗೆದುಕೊಂಡು ಹೋಗಿ ಎಂದು ಟಾಂಜಾನಿಯ ಹೇಳಿಬಿಟ್ಟಿತು. ಅದೇ ವರ್ಷದ ಕೊನೆಯಲ್ಲಿ ರೊಡೇಷಿಯದ ಬಿಳಿಯರು ತಮ್ಮಷ್ಟಕ್ಕೆ ಸ್ವಾತಂತ್ರ್ಯ ಸಾರಿಕೊಂಡಾಗ ಬ್ರಿಟನ್ ಕೈಕಟ್ಟಿ ಕುಳಿತಿತು. ಟಾಂಜಾನಿಯ ಬ್ರಿಟನ್ನಿನೊಡನೆ ರಾಜತಾಂತ್ರಿಕ ಸಂಬಂಧ ಕಡಿದುಕೊಂಡಿತು. ಬರಬೇಕಾಗಿದ್ದ ೭೫ ಲಕ್ಷ ಪೌಂಡುಗಳ ಸಾಲ ನಿಂತುಹೋಯಿತು. ಸಾಲ ಕೊಡುವವನು ಹಣದೊಡನೆ ಬಾಯಿಗೆ ಹಾಕುವ ಬೀಗವನ್ನೂ ತರುತ್ತಾನೆ ಎಂಬುದು ಹಳ್ಳಿಯ ರೈತನಿಗೆ ತಿಳಿದಿರುವ ವಿಷಯ. ಒಂದು ಸರ್ಕಾರಕ್ಕೆ ಅದು ತಿಳಿಯಲು ನಾಲ್ಕು ವರ್ಷ ಹಿಡಿಯಿತು.

ಇನ್ನೊಂದು ಘಟನೆ ಒಳಗಿನದು. ನಮ್ಮ ಮಟ್ಟಿಗೆ ೧೯೬೭ರ ಕಥೆ ಶುರುವಾಗುವುದು ಅಲ್ಲಿಂದಲೇ. ಓದು ಮುಗಿಸಿದ ಪದವೀಧರರು ಎರಡು ವರ್ಷ ರಾಷ್ಟ್ರಸೇವೆ ಮಾಡಬೇಕು, ಅದರಲ್ಲಿ ಐದು ತಿಂಗಳು ಶಿಬಿರದಲ್ಲಿದ್ದು ಉಳಿದ ಕಾಲ ಸಂಬಳದ ನೂರಕ್ಕೆ ೪೦ರಷ್ಟನ್ನು ಮಾತ್ರ ಪಡೆದು ದುಡಿಯಬೇಕು ಎಂದು ಸರ್ಕಾರ ಗೊತ್ತುಮಾಡಿತು. ೧೯೬೬ರ ಅಕ್ಟೋಬರ್ ೨೨ರಂದು ವಿಶ್ವವಿದ್ಯಾಲಯದ ಮತ್ತು ಇತರ ಕಾಲೇಜುಗಳ ವಿದ್ಯಾರ್ಥಿಗಳು ಇದನ್ನು ಪ್ರತಿಭಟಿಸಿ ಅಧ್ಯಕ್ಷರ ನಿವಾಸಕ್ಕೆ ಮೆರವಣಿಗೆ ಹೋದರು. ಪರಂಗಿಯವರ ಕಾಲವೇ ವಾಸಿಯಾಗಿತ್ತು ಎಂಬರ್ಥದ ಫಲಕವೂ ಅವರ ಕೈಯಲ್ಲಿ ಇದ್ದಿತು. ಅಧ್ಯಕ್ಷ ಜೂಲಿಯಸ್ ನ್ಯೆರೆರೆ ಅವರ ಮಾತು ಕೇಳಿದರು, ಕೆರಳಿದರು. ಸುಮಾರು ೪೦೦ ಮಂದಿಯನ್ನು ಕಾಲೇಜು ಬಿಡಿಸಿ ಊರಿಗೆ ಕಳುಹಿಸಿದರು. ಇಲ್ಲಿಗೆ ನಿಂತಿದ್ದರೆ ಇದು ಆಳುವವನೊಬ್ಬನ ಸಿಟ್ಟಿನ ಕಥೆಯಾಗುತ್ತಿತ್ತು. ಆದರೆ ವಿದ್ಯಾರ್ಥಿಗಳ ಮಾತಿನಲ್ಲಿ ಒಂದು ಮುಳ್ಳು ಇದ್ದಿತು: ನಮ್ಮ ಸಂಬಳ ಕಡಿಯುವ ನೀವು ಎಷ್ಟು ಸಂಬಳ ತಿನ್ನುತ್ತಿದ್ದೀರಿ? ನ್ಯೆರೆರೆ ಆ ಮುಳ್ಳನ್ನು ಅಲ್ಲಗಳೆಯಲಿಲ್ಲ. ಅದೇ ನಿಂತ ನಿಲುವಿನಲ್ಲಿ ತಮ್ಮ ಸಂಬಳವನ್ನು ನೂರಕ್ಕೆ ೨೦ರಷ್ಟು ಇಳಿಸಿಕೊಂಡರು. ಮಂತ್ರಿಗಳ ಮತ್ತು ಮೇಲಧಿಕಾರಿಗಳ ಸಂಬಳಗಳೂ ಇಳಿದುವು.

ಈ ನ್ಯೆರೆರೆ ಮೊದಲು ಉಪಾಧ್ಯಾಯರು. ದಾರ್ ಎಸ್ ಸಲಾಮಿನ ಹತ್ತಿರದ ಪೂಗು ಎಂಬಲ್ಲಿಯ ಶಾಲೆಯಲ್ಲಿ ಪಾಠ ಹೇಳುತ್ತಿದ್ದು, ರಾಜಕೀಯವೋ ಕೆಲಸವೋ ಎಂಬ ಪ್ರಶ್ನೆ ಬಂದಾಗ ೧೯೫೫ರಲ್ಲಿ ಕೆಲಸಕ್ಕೆ ರಾಜೀನಾಮೆ ಕೊಟ್ಟವರು. ಅಧ್ಯಕ್ಷರಾದ ಮೇಲೆಯೂ ಜನ ಅವರನ್ನು ಕರೆದದ್ದು 'ಮ್ವಾಲಿಮು' ಎಂದೇ, ಅಂದರೆ ಮೇಷ್ಟ್ರು. ಷೇಕ್ಸ್‌ಪಿಯರನ 'ಜೂಲಿಯಸ್ ಸೀಸರ್' ನಾಟಕವನ್ನು ಸ್ವಾಹಿಲಿಗೆ ತಂದ ಅವರು ಆಮೇಲೆ 'ವೆನಿಸಿನ ವರ್ತಕ'ನನ್ನೂ ತಂದರು. ಅದಕ್ಕೆ ಇಟ್ಟ ಸ್ವಾಹಿಲಿ ಹೆಸರಿನ ಅರ್ಥ 'ವೆನಿಸಿನ ಬಂಡವಾಳಗಾರರು'. ಮೇಷ್ಟರ ಕಸಬು ಬಿಟ್ಟು ಪಕ್ಷದ ಚೀಲ ಹೆಗಲಿಗೇರಿಸಿದ ನಮ್ಮಂಥವರಿಗೆ ಅವರ ಮೇಲೆ ಸ್ವಲ್ಪ ಹೆಚ್ಚಿನ ಮಮತೆ ಇದ್ದರೆ ಓದುಗರು ಕ್ಷಮಿಸಬೇಕು. ಆ ಮಮತೆ ಮುಂದೆ ಹೇಳಬೇಕಾದ ಕಠಿಣ ಮಾತುಗಳಿಗೆ ಅಡ್ಡಬಾರದಂತೆ ನೋಡಿಕೊಳ್ಳುತ್ತೇವೆ.

ಆರೂಷಾ ಘೋಷಣೆ ಹೇಳಿದುದೇನು? ಅದರ ವಾದ ಸರಳ. ಬಡ ದೇಶ ಹಣವನ್ನು ಆಯುಧವಾಗಿ ಆರಿಸಿಕೊಂಡು ಬಡತನದ ಮೇಲೆ ಯುದ್ಧಕ್ಕೆ ಹೊರಟಿತು. ಹಣವೆಂಬುದು ಅದರ ಹತ್ತಿರ ಇಲ್ಲ. ಇಲ್ಲದ ಆಯುಧವನ್ನು ಸಾಲ ತರಬೇಕು, ದಾನ ಬೇಡಬೇಕು, ಪರದೇಶದ ಬಂಡವಾಳಗಾರನ ಬಾಗಿಲು ಕಾಯಬೇಕು. ಅದರ ಬದಲು ಇರುವ ಆಯುಧಗಳಾದ ಜನ, ಭೂಮಿ ಮತ್ತು ದುಡಿಮೆಯನ್ನು ಏಕೆ ನಂಬಬಾರದು? ಇದನ್ನು ಅವರು ಸ್ವಾವಲಂಬನೆ ಎಂದು ಕರೆದರು.

ಇಷ್ಟೇ ಆಗಿದ್ದರೆ ಬೇರೆ ಬೇರೆ ದೇಶಗಳ ನಾಯಕರು ಮಾಡಿರುವ ಭಾಷಣಗಳ ಸಾಲಿಗೆ ಅದೂ ಸೇರುತ್ತಿತ್ತು. ಆದರೆ ಅದರಲ್ಲಿ ಪಟ್ಟಣ-ಹಳ್ಳಿಗಳ ಲೆಕ್ಕವನ್ನು ಬಿಡಿಸಿಟ್ಟಿರುವ ರೀತಿ ಅಪರೂಪದ್ದು. ಪರದೇಶದಿಂದ ಸಾಲ ತಂದು ಎಲ್ಲಿ ಖರ್ಚು ಮಾಡುತ್ತೇವೆ? ಪಟ್ಟಣದ ಡಾಂಬರು ರಸ್ತೆಗೆ, ಆಸ್ಪತ್ರೆಗೆ, ವಿದ್ಯುದ್ದೀಪಕ್ಕೆ, ಹೋಟೆಲಿಗೆ, ಕಾರ್ಖಾನೆಗೆ. ಆ ಸಾಲವನ್ನು ತೀರಿಸುವುದಕ್ಕೆ ಪರದೇಶದ ನಾಣ್ಯ ಬೇಕು. ಅದು ಬರುವುದು ಹತ್ತಿ, ಕಾಫಿ, ಕತ್ತಾಳೆ ನಾರು ಮಾರಿ. ಅಂದರೆ ರೈತ ತೀರಿಸುತ್ತಾನೆ, ಪಟ್ಟಣಿಗ ಅನುಭವಿಸುತ್ತಾನೆ. ರಸ್ತೆಯ ಮೇಲೆ ಓಡುವ ಮೋಟಾರು ಅವನದಲ್ಲ, ಅವನ ಬೆಳೆ ತೆತ್ತದ್ದು ಮಾತ್ರ ಅವನದು. ಶೋಷಣೆ ಎಂದರೆ ಬಂಡವಾಳಗಾರ ಕಾರ್ಮಿಕನನ್ನು ಹಿಂಡುವುದೊಂದೇ ಅಲ್ಲ, ಎಚ್ಚರ ತಪ್ಪಿದರೆ ಪಟ್ಟಣವೇ ಹಳ್ಳಿಯನ್ನು ಹಿಂಡುವ ಧಣಿಯಾಗುತ್ತದೆ ಎಂದು ಆಳುವ ಪಕ್ಷವೊಂದು ತನ್ನ ಠರಾವಿನಲ್ಲೇ ಒಪ್ಪಿಕೊಂಡಿತು. ಹಳ್ಳಿಯ ಒಳಗಿನ ಅನ್ಯಾಯವನ್ನೂ ಅದು ಮುಚ್ಚಲಿಲ್ಲ. ಹೆಂಗಸರು ದಿನಕ್ಕೆ ಹನ್ನೆರಡು, ಹದಿನಾಲ್ಕು ಗಂಟೆ ದುಡಿಯುವಾಗ ಗಂಡಸರಲ್ಲಿ ಅನೇಕರು ಹರಟೆ, ಕುಡಿತ, ಕುಣಿತಗಳಲ್ಲಿ ಹೊತ್ತು ಕಳೆಯುತ್ತಾರೆ ಎಂದು ಅದು ಮುಖಕ್ಕೆ ಹೇಳಿತು. ವೋಟು ಬೇಕಾದವರು ಸಾಮಾನ್ಯವಾಗಿ ಆಡುವ ಮಾತಲ್ಲ ಅದು.

ಇನ್ನು ಆ ಕೊನೆಯ ಭಾಗ. ಪಕ್ಷದ ಮತ್ತು ಸರ್ಕಾರದ ಯಾವ ಧುರೀಣನೂ ಯಾವ ಕಂಪನಿಯಲ್ಲೂ ಷೇರು ಇಟ್ಟುಕೊಳ್ಳಕೂಡದು. ಖಾಸಗಿ ಕಂಪನಿಯ ನಿರ್ದೇಶಕನಾಗಕೂಡದು. ಎರಡು ಸಂಬಳ ತೆಗೆದುಕೊಳ್ಳಕೂಡದು. ಮನೆ ಕಟ್ಟಿಸಿ ಬಾಡಿಗೆಗೆ ಕೊಡಕೂಡದು. ಧುರೀಣ ಎಂದರೆ ಮಂತ್ರಿ ಮಾತ್ರವಲ್ಲ. ಪಾರ್ಲಿಮೆಂಟಿನ ಸದಸ್ಯ, ಪಕ್ಷದ ಪದಾಧಿಕಾರಿ, ಸರ್ಕಾರಿ ಸಂಸ್ಥೆಯ ಮುಖ್ಯಸ್ಥ, ಮೇಲಿನ ಮತ್ತು ನಡುವಿನ ದರ್ಜೆಯ ಅಧಿಕಾರಿ, ಪುರಸಭೆಯ ಸದಸ್ಯ, ಎಲ್ಲರೂ ಅದರೊಳಗೆ ಬಂದರು. ಇನ್ನೂ ಒಂದು ಸಾಲು ಉಂಟು: ಧುರೀಣನೆಂದರೆ ಅವನೂ ಅವನ ಹೆಂಡತಿಯೂ, ಧುರೀಣಳೆಂದರೆ ಅವಳೂ ಅವಳ ಗಂಡನೂ ಎಂದು ಅರ್ಥ ಮಾಡಬೇಕು. ಬೇನಾಮಿ ಎಂಬ ಪದದ ಅರ್ಥವನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲವಷ್ಟೆ. ಠರಾವು ಬರೆದವರಿಗೂ ಅದು ತಿಳಿದಿತ್ತು.

ಸ್ವಾತಂತ್ರ್ಯ ಬಂದು ಐದು ವರ್ಷಗಳಲ್ಲಿ ದಾರ್ ಎಸ್ ಸಲಾಮಿನಲ್ಲಿ ಹೊಸ ಅಧಿಕಾರಸ್ಥರು ಸಾಲ ತೆಗೆದು ಮನೆ ಕಟ್ಟಿಸಿ, ಪರದೇಶದ ರಾಯಭಾರ ಕಚೇರಿಯವರಿಗೂ ವ್ಯಾಪಾರಿಗಳಿಗೂ ಬಾಡಿಗೆಗೆ ಕೊಡುವುದು ರೂಢಿಯಾಗುತ್ತ ಬಂದಿತ್ತು. ಬಿಳಿಯ ಧಣಿ ಹೋದ ಕುರ್ಚಿಯಲ್ಲಿ ಕರಿಯ ಧಣಿ ಕೂರುವುದು ಹೀಗೆಯೇ. ಕೋವಿ ಬೇಕಿಲ್ಲ, ಒಂದು ಬಾಡಿಗೆಯ ಕರಾರು ಪತ್ರ ಸಾಕು. ಆದುದರಿಂದ ಗೊಣಗಾಟ ಎದ್ದದ್ದು ಪಕ್ಷದ ಒಳಗಿನಿಂದಲೇ. ಮಾರ್ಚ್ ತಿಂಗಳ ಹೊತ್ತಿಗೆ ದಾರ್ ಎಸ್ ಸಲಾಮಿನಲ್ಲಿ ವಿಶೇಷ ಅಧಿವೇಶನ ಕರೆದು ಅನುಮಾನಗಳಿಗೆ ಉತ್ತರ ಹೇಳಬೇಕಾಯಿತು.

ಗೊಣಗಿದವರೆಲ್ಲ ದುರಾಶೆಯವರು ಎಂದು ನಾವು ಹೇಳಲಾರೆವು. ಬೀಬಿ ತೀತಿ ಮಹಮ್ಮದ್ ಎಂಬ ಹೆಣ್ಣುಮಗಳು ೧೯೫೫ರಿಂದ ಹಾಡುಗಾರ್ತಿಯರ ಮತ್ತು ಕುಣಿತದ ಮೇಳಗಳ ಹೆಂಗಸರನ್ನು ಸಾವಿರಗಟ್ಟಲೆಯಲ್ಲಿ ಟಾನುವಿಗೆ ಸೇರಿಸಿದವಳು. ಆ ಹೆಂಗಸರಿಲ್ಲದೆ ಟಾನು ಇಷ್ಟು ಬೇಗ ಬೆಳೆಯುತ್ತಿರಲಿಲ್ಲ. ಮನೆ ಬಾಡಿಗೆಯ ಕಟ್ಟನ್ನು ಅವಳು ಒಪ್ಪದೆ ಪಕ್ಷದ ಮೇಲಿನ ಸಮಿತಿಯನ್ನು ಬಿಟ್ಟಳು. ಪಿಂಚಣಿ ಇಲ್ಲದ, ಸರ್ಕಾರಿ ಕೆಲಸದ ಓದು ಇಲ್ಲದ, ಹೆಣ್ಣೊಬ್ಬಳಿಗೆ ಎರಡು ಕೋಣೆಯ ಬಾಡಿಗೆ ಮುಪ್ಪಿನ ಊರುಗೋಲು ಆಗಿರಬಹುದು. ಷೇರು ಕೂಡಿಟ್ಟ ಮಂತ್ರಿಯನ್ನೂ ಅವಳನ್ನೂ ಒಂದೇ ಹಗ್ಗದಲ್ಲಿ ಕಟ್ಟಿದ್ದು ಸರಿಯೇ ಎಂದು ಕೇಳಿದರೆ ನಮಗೂ ಥಟ್ಟನೆ ಉತ್ತರ ಹೊಳೆಯದು. ಆದರೂ ಎಲ್ಲಿಯಾದರೂ ಒಂದು ಗೆರೆ ಎಳೆಯಬೇಕು. ಎಳೆದವರನ್ನು ನಾವು ಮೆಚ್ಚುತ್ತೇವೆ.

ಈಗ ಬ್ಯಾಂಕುಗಳಿಗೆ ಬರೋಣ. ಫೆಬ್ರವರಿ ೬ರಂದು ರಾಷ್ಟ್ರೀಕರಣವಾದ ಬ್ಯಾಂಕುಗಳಲ್ಲಿ ಬಾರ್ಕ್ಲೇಸ್, ಸ್ಟ್ಯಾಂಡರ್ಡ್, ನ್ಯಾಷನಲ್ ಅಂಡ್ ಗ್ರಿಂಡ್ಲೇಸ್ ಎಂಬ ಬ್ರಿಟಿಷ್ ಬ್ಯಾಂಕುಗಳು ದೊಡ್ಡವು. ಎಲ್ಲವನ್ನೂ ಒಂದುಗೂಡಿಸಿ ನ್ಯಾಷನಲ್ ಬ್ಯಾಂಕ್ ಆಫ್ ಕಾಮರ್ಸ್ ಎಂಬ ಒಂದೇ ಬ್ಯಾಂಕನ್ನು ಕಟ್ಟಲಾಯಿತು. ಬ್ರಿಟಿಷ್ ಬ್ಯಾಂಕುಗಳು ತಮ್ಮ ಪರದೇಶೀ ಅಧಿಕಾರಿಗಳನ್ನು ಹಿಂದಕ್ಕೆ ಕರೆಸಿಕೊಂಡುವು. ಲೆಕ್ಕ ತಿಳಿದವರೆಲ್ಲ ಹಡಗು ಹತ್ತಿದರೆ ಬ್ಯಾಂಕು ತಾನಾಗಿ ಬಾಗಿಲು ಮುಚ್ಚುತ್ತದೆ ಎಂಬ ಎಣಿಕೆ. ಬಾಗಿಲು ಮುಚ್ಚಲಿಲ್ಲ. ಕೆಳಗಿನ ದರ್ಜೆಯ ಗುಮಾಸ್ತರು, ಅವರಲ್ಲಿ ಭಾರತ ಮೂಲದವರೂ ಅನೇಕರು, ಹಗಲಿರುಳು ಕುಳಿತು ಲೆಕ್ಕವನ್ನು ಸರಿದೂಗಿಸಿದರು. ಆಗ ಹಣಕಾಸಿನ ಮಂತ್ರಿ ಅಮೀರ್ ಜಮಾಲ್. ಮ್ವಾನ್ಜಾದಲ್ಲಿ ಹುಟ್ಟಿದ ಗುಜರಾತಿ ಮನೆತನದವರು, ಕಲಕತ್ತೆಯಲ್ಲಿ ಓದಿದವರು.

ಇಲ್ಲಿ ಒಂದು ಸ್ವಾರಸ್ಯ. ಅಂದು ರಾಷ್ಟ್ರದ ವಶವಾದ ಬ್ಯಾಂಕುಗಳಲ್ಲಿ ಬ್ಯಾಂಕ್ ಆಫ್ ಇಂಡಿಯಾ, ಬ್ಯಾಂಕ್ ಆಫ್ ಬರೋಡಾಗಳ ಅಲ್ಲಿನ ಶಾಖೆಗಳೂ ಸೇರಿದ್ದುವು. ನಮ್ಮ ದೇಶದಲ್ಲಿ ಅವು ಇನ್ನೂ ಖಾಸಗಿ ಧಣಿಗಳ ಬ್ಯಾಂಕುಗಳೇ. ಭಾರತ ಸರ್ಕಾರ ಅವನ್ನೂ ಸೇರಿಸಿ ೧೪ ಬ್ಯಾಂಕುಗಳನ್ನು ರಾಷ್ಟ್ರೀಕರಿಸಿದ್ದು ೧೯೬೯ರ ಜುಲೈ ೧೯ರಂದು. ನಮ್ಮ ಕರಾವಳಿಯಲ್ಲಿ ಹುಟ್ಟಿದ ಕೆನರಾ ಬ್ಯಾಂಕ್, ಸಿಂಡಿಕೇಟ್ ಬ್ಯಾಂಕುಗಳೂ ಆ ಹದಿನಾಲ್ಕರಲ್ಲಿ ಇದ್ದುವು. ಮುಂಬಯಿಯ ಸೇಠರ ಬ್ಯಾಂಕಿಗೆ ದೆಹಲಿ ಕೈ ಹಾಕುವುದಕ್ಕೆ ಎರಡು ವರ್ಷಕ್ಕೂ ಮೊದಲೇ ದಾರ್ ಎಸ್ ಸಲಾಮ್ ಕೈ ಹಾಕಿತ್ತು!

ಕೆಲವೇ ದಿನಗಳಲ್ಲಿ ವಿಮೆ, ಆಮದು-ರಫ್ತಿನ ದೊಡ್ಡ ಮಂಡಿಗಳು, ಹಿಟ್ಟಿನ ಗಿರಣಿಗಳು ಸರ್ಕಾರದ ಕೈ ಸೇರಿದುವು. ಕೆಲವು ಕೈಗಾರಿಕೆಗಳಲ್ಲಿಯೂ ಕತ್ತಾಳೆ ತೋಟಗಳಲ್ಲಿಯೂ ಹೆಚ್ಚಿನ ಪಾಲು ಸರ್ಕಾರದ್ದಾಯಿತು. ಕಸಿದುಕೊಂಡದ್ದಲ್ಲ, ಪರಿಹಾರ ಕೊಡುವ ಮಾತಿನ ಮೇಲೆ ಪಡೆದದ್ದು. ಗಿರಣಿ, ಮಂಡಿಗಳ ಒಡೆಯರಲ್ಲಿ ಅನೇಕರು ಭಾರತ ಮೂಲದವರು. ಬೀದಿಯ ಮಾತು ಬೇಗ ಬಣ್ಣದ ಕಡೆಗೆ ತಿರುಗಿತು. ಹಳ್ಳಿಯಲ್ಲಿ ಉಪ್ಪು, ಬಟ್ಟೆ, ಸೀಮೆಎಣ್ಣೆ ಮಾರುವ ಅಂಗಡಿಯವನು ಗುಜರಾತಿಯಾದುದರಿಂದ ಸಮಾಜವಾದವೆಂದರೆ ಅವನನ್ನು ಓಡಿಸುವುದು ಎಂದು ಕೆಲವರು ತಿಳಿದರು. ಘೋಷಣೆಯಾಗಿ ಹತ್ತು ದಿನ ಕಳೆಯುವುದರೊಳಗೆ ನ್ಯೆರೆರೆ ಪಕ್ಷದ ಪತ್ರಿಕೆಯಲ್ಲಿ ಲೇಖನ ಬರೆದು, ಸಮಾಜವಾದ ಜನಾಂಗದ್ವೇಷವಲ್ಲ, ಮನುಷ್ಯನ ಚರ್ಮ ನೋಡಿ ಅವನನ್ನು ಶೋಷಕನೆಂದೋ ಶೋಷಿತನೆಂದೋ ತೀರ್ಮಾನಿಸುವವನು ಸಮಾಜವಾದಿಯಲ್ಲ ಎಂಬ ಅರ್ಥದಲ್ಲಿ ಎಚ್ಚರಿಸಿದರು. ಇಷ್ಟರ ಮೇಲೂ ೧೯೭೧ರಲ್ಲಿ ಬಾಡಿಗೆಯ ದೊಡ್ಡ ಕಟ್ಟಡಗಳನ್ನು ಸರ್ಕಾರ ವಶಪಡಿಸಿಕೊಂಡಾಗ ಹೆಚ್ಚು ಕಳೆದುಕೊಂಡವರು ಭಾರತ ಮೂಲದವರೇ, ಸಾವಿರಾರು ಮಂದಿ ದೇಶ ಬಿಟ್ಟರು. ನಮ್ಮವರೆಂಬ ಅಭಿಮಾನಕ್ಕಾಗಿ ಧಣಿಯ ಪರ ವಹಿಸಲು ನಾವು ಸಿದ್ಧರಿಲ್ಲ. ಆದರೆ ಆ ಹೊರಟವರಲ್ಲಿ ಧಣಿಗಳಲ್ಲದ ಗುಮಾಸ್ತರೂ ದರ್ಜಿಗಳೂ ಉಪಾಧ್ಯಾಯರೂ ಇದ್ದರು ಎಂಬುದನ್ನು ಹೇಳದಿರುವುದು ಅಪ್ರಾಮಾಣಿಕತೆಯಾದೀತು.

ಮಾರ್ಚ್ ತಿಂಗಳಲ್ಲಿ ಶಿಕ್ಷಣದ ಮೇಲೆ ನ್ಯೆರೆರೆ ಬರೆದ ಕಿರುಹೊತ್ತಗೆ ಹೊರಬಿದ್ದಿತು. ಪ್ರಾಥಮಿಕ ಶಾಲೆ ಮುಗಿಸುವ ನೂರು ಮಕ್ಕಳಲ್ಲಿ ಪ್ರೌಢಶಾಲೆಯಲ್ಲಿ ಜಾಗ ಸಿಗುವುದು ಸುಮಾರು ೧೩ ಮಕ್ಕಳಿಗೆ. ಉಳಿದ ೮೭ ಮಕ್ಕಳು ತಾವು ಸೋತೆವೆಂದು ತಿಳಿದು ಹಳ್ಳಿಗೆ ಮರಳುತ್ತಾರೆ. ೧೩ ಮಂದಿಗಾಗಿ ಕಟ್ಟಿದ ಪಾಠಕ್ರಮ ೮೭ ಮಂದಿಗೆ ಹಳ್ಳಿಯ ಮೇಲೆ ತಿರಸ್ಕಾರವನ್ನಷ್ಟೇ ಕಲಿಸುತ್ತದೆ. ಆದುದರಿಂದ ಪ್ರಾಥಮಿಕ ಶಾಲೆಯ ಓದು ತನ್ನಲ್ಲಿಯೇ ಪೂರ್ಣವಾಗಿರಬೇಕು, ಪ್ರತಿ ಶಾಲೆಗೂ ಒಂದು ಹೊಲವಿರಬೇಕು, ಮಕ್ಕಳು ದುಡಿದು ಕಲಿಯಬೇಕು ಎಂದರು. ಇದನ್ನು ಓದುವಾಗ ನಮ್ಮ ಕಣ್ಣ ಮುಂದೆ ಬಂದದ್ದು ನಾವು ಪಾಠ ಹೇಳುತ್ತಿದ್ದ ಶಾಲೆಯ ಹಿಂದಿನ ಬೆಂಚು. ಪರೀಕ್ಷೆಯಲ್ಲಿ ಗೆಲ್ಲುವವರಿಗಾಗಿ ನಾವು ವರ್ಷವೆಲ್ಲ ಕೂಗುತ್ತಿದ್ದೆವು. ಹಿಂದಿನ ಬೆಂಚಿನವರು ಅದನ್ನು ಕೇಳಿಸಿಕೊಳ್ಳುತ್ತಿದ್ದರು, ಅಷ್ಟೆ. ಅಂದಹಾಗೆ, ಟಾಂಜಾನಿಯದಲ್ಲಿ ಶಾಲೆಯ ಹೊಲ ಎಷ್ಟೋ ಕಡೆ ಮಕ್ಕಳಿಗೆ ಬಿಟ್ಟಿ ಚಾಕರಿಯಂತೆ ಕಂಡಿತೆಂಬುದೂ ನಿಜ. ಗುದ್ದಲಿ ಹಿಡಿಸುವುದು ಸುಲಭ, ಅದರಿಂದ ಪಾಠ ಹೇಳುವುದು ಕಷ್ಟ.

ಅದೇ ವರ್ಷದಿಂದ ಪ್ರಾಥಮಿಕ ಶಾಲೆಯ ಏಳೂ ತರಗತಿಗಳಲ್ಲಿ ಸ್ವಾಹಿಲಿಯೇ ಶಿಕ್ಷಣ ಮಾಧ್ಯಮವಾಯಿತು. ಸರ್ಕಾರಿ ಕಚೇರಿಗಳೂ ಸ್ವಾಹಿಲಿಯಲ್ಲಿ ನಡೆಯಬೇಕೆಂಬ ಆಜ್ಞೆ ಹೊರಟಿತು. ಭಾಷೆಯನ್ನು ಬೆಳೆಸಲು ರಾಷ್ಟ್ರೀಯ ಸ್ವಾಹಿಲಿ ಮಂಡಲಿಗೆ ಶಾಸನ ಬಂದಿತು. ನೂರಿಪ್ಪತ್ತು ಜನಾಂಗಗಳ ದೇಶ ಇಂದಿಗೂ ಒಡೆಯದೆ ನಿಂತಿರುವುದಕ್ಕೆ ಆ ಭಾಷೆ ಒಂದು ದೊಡ್ಡ ಕಾರಣ. ಆದರೆ ಪ್ರೌಢಶಾಲೆಯ ಬಾಗಿಲಲ್ಲಿ ಇಂಗ್ಲಿಷು ಹಾಗೆಯೇ ಕಾವಲು ನಿಂತಿತು. ಆ ಹದಿಮೂರು ಮಂದಿಯ ಭಾಷೆ ಬೇರೆ, ಎಂಬತ್ತೇಳು ಮಂದಿಯ ಭಾಷೆ ಬೇರೆ ಎಂಬ ಭೇದ ಉಳಿದುಕೊಂಡಿತು.

ವರ್ಷದ ನಡುವಿನ ಸಂಗತಿಗಳನ್ನು ಬೇಗ ಹೇಳಿ ಮುಗಿಸುತ್ತೇವೆ. ಜೂನ್ ೬ರಂದು ಕಂಪಾಲಾದಲ್ಲಿ ಕೀನ್ಯ, ಉಗಾಂಡ, ಟಾಂಜಾನಿಯಗಳು ಪೂರ್ವ ಆಫ್ರಿಕ ಸಮುದಾಯದ ಒಪ್ಪಂದಕ್ಕೆ ರುಜು ಹಾಕಿದುವು. ಅದರ ಕಚೇರಿಯೂ ಆರೂಷಾದಲ್ಲಿಯೇ ನೆಲೆಗೊಂಡಿತು. ಹತ್ತು ವರ್ಷಕ್ಕೆ ಅದು ಮುರಿಯಿತು. ಟಾನುವಿನ ಪ್ರಧಾನ ಕಾರ್ಯದರ್ಶಿಯೂ ಮಂತ್ರಿಯೂ ಆಗಿದ್ದ ಆಸ್ಕರ್ ಕಂಬೋನ ಆರೂಷಾದ ದಾರಿಯನ್ನು ಒಪ್ಪದೆ ಜೂನಿನಲ್ಲಿ ರಾಜೀನಾಮೆ ಕೊಟ್ಟು, ಜುಲೈಯಲ್ಲಿ ದೇಶ ಬಿಟ್ಟು ಲಂಡನ್ ಸೇರಿದರು. ಸೆಪ್ಟೆಂಬರ್ ೫ರಂದು ಪೀಕಿಂಗಿನಲ್ಲಿ ಜಾಂಬಿಯಕ್ಕೆ ರೈಲುದಾರಿ ಹಾಕುವ ಒಪ್ಪಂದವಾಯಿತು. ಜಾಂಬಿಯದ ತಾಮ್ರ ರೊಡೇಷಿಯದ ಬಿಳಿಯರ ಹಂಗಿಲ್ಲದೆ ಸಮುದ್ರ ಮುಟ್ಟಲು ಬೇಕಾದ ದಾರಿ ಅದು. ವಿಶ್ವಬ್ಯಾಂಕೂ ಪಾಶ್ಚಾತ್ಯ ದೇಶಗಳೂ ಲಾಭವಿಲ್ಲವೆಂದು ಕೈಬಿಟ್ಟಿದ್ದ ಆ ೧,೮೬೦ ಕಿಲೋಮೀಟರು ದಾರಿಯನ್ನು ಚೀನಾ ಬಡ್ಡಿಯಿಲ್ಲದ ಸಾಲ ಕೊಟ್ಟು ಹಾಕಿಸಿತು. ಹಣ ಆಯುಧವಲ್ಲ ಎಂದು ಸಾರಿದ ವರ್ಷದಲ್ಲೇ ಇಷ್ಟು ದೊಡ್ಡ ಸಾಲವೇ ಎಂದು ಯಾರಾದರೂ ನಕ್ಕರೆ ನಗಲಿ. ರೊಡೇಷಿಯದ ಹೆಬ್ಬಾಗಿಲಿನಲ್ಲಿ ಕೈಕಟ್ಟಿ ನಿಲ್ಲುವುದಕ್ಕಿಂತ ಅದು ಮೇಲು.

ಸೆಪ್ಟೆಂಬರಿನಲ್ಲೇ ಬಂದ ಇನ್ನೊಂದು ಹೊತ್ತಗೆಯ ಮೇಲೆ ನಾವು ಸ್ವಲ್ಪ ನಿಲ್ಲಬೇಕು. ಹಳ್ಳಿಯ ಸಮಾಜವಾದ ಅದರ ವಿಷಯ. 'ಉಜಮಾ' ಎಂಬ ಸ್ವಾಹಿಲಿ ಪದಕ್ಕೆ ಒಂದೇ ಮನೆಯವರೆಂಬ ಭಾವ ಎಂದು ಅರ್ಥ. ಚೆದರಿದ ಗುಡಿಸಲುಗಳ ರೈತರು ಒಂದೆಡೆ ಸೇರಿ, ನೆಲವನ್ನು ಒಟ್ಟಾಗಿ ಉತ್ತು, ಫಲವನ್ನು ದುಡಿಮೆಗೆ ತಕ್ಕಂತೆ ಹಂಚಿಕೊಳ್ಳುವ ಹಳ್ಳಿಗಳನ್ನು ಕಟ್ಟಬೇಕೆಂದು ಅದು ಹೇಳಿತು. ಮುಖ್ಯವಾದ ಮಾತು ಮುಂದಿನದು: ಯಾರನ್ನೂ ಬಲವಂತ ಮಾಡಕೂಡದು. ಹತ್ತು ಮನೆಗಳು ಒಪ್ಪಿದರೆ ಹತ್ತು ಮನೆಗಳಿಂದ ಶುರುವಾಗಲಿ, ಇಡೀ ಹೊಲವನ್ನು ಸೇರಿಸಲು ಹೆದರಿಕೆಯಾದರೆ ಒಂದು ತುಂಡು ಹೊಲದಿಂದ ಶುರುವಾಗಲಿ, ನಡೆಸುವವರು ಹಳ್ಳಿಯವರೇ ಆಗಿರಲಿ. ಇದು ಬರೀ ಕಲ್ಪನೆಯೂ ಆಗಿರಲಿಲ್ಲ. ದಕ್ಷಿಣದ ರೂವುಮಾ ಸೀಮೆಯಲ್ಲಿ ಲಿಟೋವಾ ಎಂಬ ಹಳ್ಳಿಯಿಂದ ಮೊದಲಾಗಿ ಹತ್ತಾರು ಹಳ್ಳಿಗಳ ಜನ ಸರ್ಕಾರ ಹೇಳುವ ಮೊದಲೇ ತಾವಾಗಿ ಇಂಥ ಸಂಘ ಕಟ್ಟಿ, ತಮ್ಮ ಶಾಲೆ, ತಮ್ಮ ಗಿರಣಿ ನಡೆಸುತ್ತಿದ್ದರು. ನ್ಯೆರೆರೆ ಅದನ್ನು ನೋಡಿ ಮೆಚ್ಚಿಕೊಂಡವರೇ.

ಅಕ್ಟೋಬರಿನಲ್ಲಿ ಅಧ್ಯಕ್ಷರು ತಮ್ಮ ಹುಟ್ಟೂರಾದ ಬುಟಿಯಾಮದಿಂದ ಮ್ವಾನ್ಜಾದ ಪಕ್ಷದ ಅಧಿವೇಶನಕ್ಕೆ ನಡೆದೇ ಹೋದರು. ೧೩೦ ಮೈಲಿಗೂ ಹೆಚ್ಚಿನ ದಾರಿ, ಎಂಟು ದಿನ. ಆರೂಷಾ ಘೋಷಣೆಯನ್ನು ಬೆಂಬಲಿಸಿ ಯುವಕರು ಊರೂರುಗಳಿಂದ ನಡೆದು ಬರುತ್ತಿದ್ದರು. ಅವರೊಡನೆ ಅಧ್ಯಕ್ಷರೂ ಧೂಳು ಕುಡಿದರು. ಆ ವರ್ಷವನ್ನು ಇಲ್ಲಿಗೇ ನಿಲ್ಲಿಸಿಬಿಟ್ಟರೆ ಎಷ್ಟು ಚೆನ್ನಾಗಿರುತ್ತಿತ್ತು!

ಆದರೆ ಎರಡೇ ವರ್ಷ ಕಳೆಯಿತು. ೧೯೬೯ರ ಸೆಪ್ಟೆಂಬರಿನಲ್ಲಿ ಟಾನುವಿನ ಕೇಂದ್ರ ಸಮಿತಿ ರೂವುಮಾ ಸಂಘವನ್ನು ನಿಷೇಧಿಸಿತು, ಅದರ ಆಸ್ತಿಯನ್ನು ವಶಪಡಿಸಿಕೊಂಡಿತು. ಆ ಹಳ್ಳಿಗಳು ಮಾಡಿದ ಅಪರಾಧವೇನು? ತಮ್ಮ ಹಳ್ಳಿಯ ಯಜಮಾನಿಕೆಯನ್ನು ತಾವೇ ನಡೆಸಿಕೊಂಡು, ಸೀಮೆಯ ಅಧಿಕಾರಿಗಳ ಮಾತಿಗೆ ತಲೆಯಾಡಿಸದೆ ಇದ್ದುದು. ಉಜಮಾ ಎಂದರೆ ಹೀಗಿರಬೇಕೆಂದು ತೋರಿಸಬಹುದಾಗಿದ್ದ ಹಳ್ಳಿಗಳನ್ನು ಉಜಮಾ ಎಂಬ ಪದದ ಹೆಸರಿನಲ್ಲಿ ಆಳುತ್ತಿದ್ದ ಪಕ್ಷವೇ ಮುರಿಯಿತು.

೧೯೭೩ರ ನವೆಂಬರಿನಲ್ಲಿ ಆಜ್ಞೆ ಹೊರಟಿತು. ೧೯೭೬ರ ಕೊನೆಯೊಳಗೆ ದೇಶದ ರೈತರೆಲ್ಲ ಹೊಸ ಹಳ್ಳಿಗಳಲ್ಲಿ ವಾಸಿಸಲೇಬೇಕು. ಕಡಿಮೆ ಎಂದರೂ ೫೦ ಲಕ್ಷ ಜನರನ್ನು ಮೂರು ವರ್ಷಗಳಲ್ಲಿ ಎಬ್ಬಿಸಿ ಸಾಗಿಸಿದರು. ಲಾರಿಗಳು ಬಂದುವು, ಸೈನಿಕರೂ ಪಕ್ಷದ ಸ್ವಯಂಸೇವಕರೂ ಬಂದರು. ಹೋಗಲೊಲ್ಲದವರ ಗುಡಿಸಲಿನ ಚಾವಣಿ ಕಿತ್ತರು, ಎಷ್ಟೋ ಕಡೆ ಬೆಂಕಿ ಇಟ್ಟರು. ಅಧಿಕಾರಿಗೆ ಬೇಕಾದದ್ದು ರಸ್ತೆಯ ಪಕ್ಕದ ನೇರವಾದ ಸಾಲುಮನೆ. ನೀರು ಎಲ್ಲಿದೆ, ಮಣ್ಣು ಯಾವ ತರಹದ್ದು, ಯಾವ ಹೊಲ ಯಾವ ಮಳೆಗೆ ಹದ ಎಂಬುದು ಅಜ್ಜನ ಕಾಲದಿಂದ ಅಲ್ಲಿದ್ದ ರೈತನಿಗೆ ಗೊತ್ತು, ನಕ್ಷೆ ಹಿಡಿದವನಿಗೆ ಗೊತ್ತಿಲ್ಲ. ನೆಟ್ಟ ಬಾಳೆ, ಬೆಳೆಸಿದ ಗೇರುಮರಗಳನ್ನು ಹಿಂದೆ ಬಿಟ್ಟು ಜನ ಹೊರಟರು. ಮೈಲಿಗಟ್ಟಲೆ ದೂರವಾದ ತೋಪುಗಳಿಗೆ ಹೋಗಿ ಕಳೆ ತೆಗೆಯುವವರು ಯಾರು? ೧೯೭೩–೭೪ರಲ್ಲಿ ಸುಮಾರು ೧ ಲಕ್ಷ ೪೫ ಸಾವಿರ ಟನ್ ಇದ್ದ ಗೇರುಬೀಜದ ಉತ್ಪತ್ತಿ ಮುಂದಿನ ಹತ್ತು ಹನ್ನೆರಡು ವರ್ಷಗಳಲ್ಲಿ ಅದರ ಕಾಲುಭಾಗಕ್ಕೂ ಕೆಳಗಿಳಿಯಿತು. ಬೆಲೆ, ಮರದ ರೋಗಗಳೂ ಅದಕ್ಕೆ ಕಾರಣವಾದುವು, ಆದರೆ ತೋಪು ಬಿಟ್ಟುಬಂದದ್ದು ದೊಡ್ಡ ಕಾರಣ. ಪೂರ್ವ ಆಫ್ರಿಕದ ಹಸಿ ಗೇರುಬೀಜವನ್ನು ಸುಟ್ಟು ಸುಲಿದು ಹೊಟ್ಟೆ ಹೊರೆದ ಕೊಲ್ಲಂ, ಮಂಗಳೂರುಗಳ ಕಾರ್ಖಾನೆಯ ಹೆಣ್ಣಾಳುಗಳಿಗೂ ಆ ತೋಪುಗಳಿಗೂ ಒಂದು ಕಾಣದ ನಂಟು ಇದ್ದಿತು.

ಸಮಾಜವಾದ ಮುಳುಗಿತು ನೋಡಿ ಎಂದು ಕೈ ತಟ್ಟುವವರಿ ಇದ್ದಾರೆ. ಅವರಿಗೆ ನಮ್ಮ ಉತ್ತರ ಎರಡು ಭಾಗದ್ದು. ೧೯೭೩–೭೫ರ ಅನಾವೃಷ್ಟಿ, ಎಣ್ಣೆಯ ಬೆಲೆಯ ಏರಿಕೆ, ೧೯೭೮–೭೯ರಲ್ಲಿ ಉಗಾಂಡದ ಇದಿ ಅಮೀನನೊಡನೆ ನಡೆದ ಯುದ್ಧ, ಇವು ಯಾವ ಬಡ ದೇಶವನ್ನೂ ನೆಲಕ್ಕೆ ಕೆಡವಬಲ್ಲುವು. ಅದರ ನಡುವೆಯೂ ಅಲ್ಲಿ ಹಳ್ಳಿಹಳ್ಳಿಗೆ ಶಾಲೆ ಬಂದಿತು, ಅಕ್ಷರ ತಿಳಿಯದವರ ಸಂಖ್ಯೆ ಬಹಳ ಇಳಿಯಿತು. ನೆರೆಹೊರೆಯ ದೇಶಗಳಲ್ಲಿ ಜನಾಂಗ ಜನಾಂಗಗಳ ನಡುವೆ ಹರಿದ ರಕ್ತ ಅಲ್ಲಿ ಹರಿಯಲಿಲ್ಲ. ಇದು ಒಂದು ಭಾಗ. ಇನ್ನೊಂದು ಭಾಗ ನಮ್ಮವರಿಗೇ ಹೇಳಬೇಕಾದದ್ದು. ಗುಡಿಸಲಿಗೆ ಬೆಂಕಿ ಇಟ್ಟದ್ದು ಅನಾವೃಷ್ಟಿಯಲ್ಲ, ವಿಶ್ವಬ್ಯಾಂಕೂ ಅಲ್ಲ. ಯಾರನ್ನೂ ಬಲವಂತ ಮಾಡಕೂಡದೆಂದು ೧೯೬೭ರಲ್ಲಿ ತಾನೇ ಬರೆದುಕೊಟ್ಟಿದ್ದ ಪಕ್ಷ.

ಅದು ಹೇಗಾಯಿತು ಎಂದು ನಾವು ಬಹಳ ಯೋಚಿಸಿದ್ದೇವೆ. ಆ ಧುರೀಣರಲ್ಲಿ ಲಂಚಕೋರರು ಕಡಿಮೆ, ಅಧ್ಯಕ್ಷರಂತೂ ಸರಳ ಜೀವಿ. ತೊಂದರೆ ಬೇರೆ ಕಡೆ ಇದ್ದಿತು. ವಿಚಾರಣೆಯಿಲ್ಲದೆ ಬಂಧಿಸುವ ಶಾಸನ ೧೯೬೨ರಲ್ಲೇ ಬಂದಿತ್ತು. ಸ್ವತಂತ್ರ ಕಾರ್ಮಿಕ ಸಂಘಗಳ ಒಕ್ಕೂಟವನ್ನು ೧೯೬೪ರಲ್ಲಿ ವಿಸರ್ಜಿಸಿ ಸರ್ಕಾರದ ಕೈಯೊಳಗಿನ ಒಂದೇ ಸಂಘ ಮಾಡಿದ್ದರು. ೧೯೬೫ರಿಂದ ಶಾಸನದಂತೆ ಒಂದೇ ಪಕ್ಷ. ಒಂದೇ ಪಕ್ಷದ ಇಬ್ಬರು ಅಭ್ಯರ್ಥಿಗಳಲ್ಲಿ ಒಬ್ಬನನ್ನು ಆರಿಸುವ ಸ್ವಾತಂತ್ರ್ಯ ಇದ್ದಿತು, ಅದರಲ್ಲಿ ಮಂತ್ರಿಗಳೂ ಸೋತರು, ನಿಜ. ಆದರೆ ಪಕ್ಷವೇ ತಪ್ಪಿದೆ ಎನ್ನುವುದಕ್ಕೆ ವೋಟಿನ ಪೆಟ್ಟಿಗೆಯಲ್ಲಿ ಜಾಗವಿರಲಿಲ್ಲ. ೧೯೭೨ರಲ್ಲಿ ಸ್ಥಳೀಯ ಮಂಡಲಿಗಳು ಹೋದುವು, ೧೯೭೬ರಲ್ಲಿ ರೈತರ ಸಹಕಾರ ಸಂಘಗಳ ಒಕ್ಕೂಟಗಳು ಹೋದುವು. ಬಾಡಿಗೆಯ ಕಟ್ಟನ್ನು ಒಪ್ಪದ ಬೀಬಿ ತೀತಿಯ ಮೇಲೂ, ಲಂಡನ್ನಿನಲ್ಲಿದ್ದ ಕಂಬೋನರ ಮೇಲೂ ರಾಜದ್ರೋಹದ ಮೊಕದ್ದಮೆ ನಡೆಯಿತು. ೧೯೭೧ರಲ್ಲಿ ಜೀವಾವಧಿ ಶಿಕ್ಷೆ ಪಡೆದ ಬೀಬಿ ತೀತಿಗೆ ಮರುವರ್ಷ ಬಿಡುಗಡೆಯಾಯಿತು. ಆರೂಷಾದ ಕಟ್ಟು ಧುರೀಣರ ಜೇಬಿಗೆ ಬೀಗ ಹಾಕಿತು, ಅವರ ಕೈಗೆ ಹಾಕಲಿಲ್ಲ. ಷೇರು ಇಲ್ಲದ, ಬಾಡಿಗೆ ಮನೆ ಇಲ್ಲದ, ಒಂದೇ ಸಂಬಳದ ಪ್ರಾಮಾಣಿಕ ಅಧಿಕಾರಿಯೊಬ್ಬ ಲಾರಿಯೊಡನೆ ಬಂದು ಮನೆ ಬಿಡು ಎಂದಾಗ, ಬಿಡುವುದಿಲ್ಲ ಎನ್ನುವ ರೈತನ ಬೆನ್ನಿಗೆ ನಿಲ್ಲಲು ಒಂದು ಸಂಘ, ಒಂದು ವಿರೋಧಪಕ್ಷ, ಒಂದು ಹಾಳು ವಾರಪತ್ರಿಕೆಯೂ ಉಳಿದಿರಲಿಲ್ಲ.

ನ್ಯೆರೆರೆ ೧೯೮೫ರಲ್ಲಿ ಅಧ್ಯಕ್ಷ ಪದವಿಯನ್ನು ತಾವಾಗಿಯೇ ಬಿಟ್ಟು ಬುಟಿಯಾಮಕ್ಕೆ ಹೋದರು. ಹಾಗೆ ಬಿಟ್ಟು ಊರಿಗೆ ಹೋದವರು ಅಂದಿನ ಆಫ್ರಿಕದಲ್ಲಿ ವಿರಳ. ಮಾಡಿದ ತಪ್ಪುಗಳಲ್ಲಿ ಕೆಲವನ್ನು ಆಮೇಲೆ ಬಾಯಿಬಿಟ್ಟು ಒಪ್ಪಿಕೊಂಡರು, ಸಹಕಾರ ಸಂಘಗಳನ್ನು ಮುರಿದದ್ದು ಅವುಗಳಲ್ಲಿ ಒಂದು. ೧೯೮೬ರಲ್ಲಿ ಹೊಸ ಸರ್ಕಾರ ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಷರತ್ತುಗಳಿಗೆ ಒಪ್ಪಿ ರುಜು ಹಾಕಿತು. ೧೯೯೧ರಲ್ಲಿ ಟಾನುವಿನ ಉತ್ತರಾಧಿಕಾರಿ ಪಕ್ಷದ ಸಮಿತಿ ಜಾಂಜಿಬಾರಿನಲ್ಲಿ ಸೇರಿತು. ಹಳ್ಳಿಗಳ ರೈತರಿಗೆ ಕಳೆದುಕೊಂಡ ತೋಪುಗಳನ್ನು ಹಿಂದಿರುಗಿಸುವ ವಿಚಾರ ಅಲ್ಲಿ ತೀರ್ಮಾನವಾದದ್ದಲ್ಲ. ಧುರೀಣರು ಇನ್ನು ಮೇಲೆ ಷೇರು ಕೊಳ್ಳಬಹುದು, ಎರಡನೆಯ ಸಂಬಳ ತೆಗೆದುಕೊಳ್ಳಬಹುದು, ಮನೆಗಳನ್ನು ಬಾಡಿಗೆಗೆ ಕೊಡಬಹುದು ಎಂದು ಅಲ್ಲಿ ತೀರ್ಮಾನವಾಯಿತು.